ಬುರುಜಿನ ಸುಳ್ಳು ದೀಪ

ಹೊರಗಡೆಯಿಂದ ಅಗುಳಿ ಬಿದ್ದ ಸದ್ದು ಕೇಳಿದಾಗ ಜಿಗಣೆ ಕಿಟಕಿಯ ಗೂಡಿನೊಳಗೆ ಅರ್ಧ ಮೈ ತೂರಿಸಿಕೊಂಡು ಟಾರ್ಚು ಬಿಡುತ್ತಿದ್ದಳು.

ಗಾಬರಿಯಿಂದ ಹಿಂದಕ್ಕೆ ಸರಿದವಳ ತಲೆ ಕಲ್ಲಿಗೆ ಬಡಿಯಿತು. ಉಜ್ಜಿಕೊಳ್ಳಲೂ ನಿಲ್ಲದೆ ಬಾಗಿಲಿಗೆ ಓಡಿದಳು. ಜಗ್ಗಿದಳು, ಭುಜ ಕೊಟ್ಟು ಗುದ್ದಿದಳು. ಬಾಗಿಲು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಯಾರದು? ತೆಗೀರಿ ಬಾಗಿಲು!"

"ಕೂಗಬೇಡಿ ಮೇಡಂ. ನಿಮ್ಮ ಗಂಟಲು ನೋಯುತ್ತೆ, ಅಷ್ಟೇ. ಕೆಳಗೆ ಒಂದು ಪಿಸುಮಾತೂ ಕೇಳಿಸಲ್ಲ," ಅಂದಿತು ಆಚೆಯ ದನಿ. ನಯವಾದ, ತಿದ್ದಿ ತೀಡಿದ ದನಿ. ಭಾನುವಾರ ಬರುವ ಪ್ರವಾಸಿಗಳಿಗೆ ಈ ಬುರುಜಿನ ಚರಿತ್ರೆ ಹೇಳುವ ಅದೇ ದನಿ.

ಚಿಕ್ಕ ಯಜಮಾನರು!

ಅಲ್ಲಿಗೆ ಅನುಮಾನ ಮುಗಿದಂತೆ, ಅಂದುಕೊಂಡಳು ಜಿಗಣೆ. ಮೊನ್ನೆ ಸತ್ತ ದೊಡ್ಡ ಯಜಮಾನರ ಒಡಹುಟ್ಟಿದ ತಮ್ಮ ಇವರು. ಅಣ್ಣನ ಹೆಣ ನಿನ್ನೆ ಬೆಳಗ್ಗೆ ಇದೇ ಬುರುಜಿನ ಮೆಟ್ಟಿಲುಗಳ ಬುಡದಲ್ಲಿ ಸಿಕ್ಕಿತ್ತು. ತಳ್ಳಿದವಳು ಅವರನ್ನು ನೋಡಿಕೊಳ್ಳಲು ಮನೆಯಲ್ಲೇ ಇದ್ದ ನರ್ಸೇ ಅಂತ ಊರೆಲ್ಲ ತೀರ್ಮಾನ ಮಾಡಿ ಆಗಿತ್ತು. ಆ ನರ್ಸು ಜಿಗಣೆಯ ಸ್ವಂತ ತಂಗಿ.

ಹಾಗಾಗಿ ಇದು ಅವಳಿಗೆ ಕೇಸಲ್ಲ, ಕರುಳಿನ ಸಂಕಟ. ಜಿಗಣೆ ಅನ್ನೋದು ಪೊಲೀಸ್ ಇಲಾಖೆಯಲ್ಲಿದ್ದಾಗ ಜೊತೆಯವರು ಇಟ್ಟ ಹೆಸರು. ಹಿಡಿದರೆ ಬಿಡುವ ಜಾತಿಯವಳಲ್ಲ ಅಂತ. ಕೆಲಸ ಬಿಟ್ಟು ವರ್ಷಗಳಾದರೂ ಹೆಸರು ಮಾತ್ರ ಬಿಡಲಿಲ್ಲ. ಇವತ್ತು ಕತ್ತಲಾಗುವ ಹೊತ್ತಿಗೆ ಇನ್ಸ್‌ಪೆಕ್ಟರು ಬಂದು ತಂಗಿಯನ್ನು ಕರೆದುಕೊಂಡು ಹೋಗುವವರಿದ್ದರು. ಅಷ್ಟರೊಳಗೆ ಸಾಕ್ಷಿ ಹಿಡಿದುಕೊಂಡು ಅವಳು ಕೆಳಗಿಳಿಯಬೇಕಿತ್ತು.

ಸಾಕ್ಷಿ ಸಿಕ್ಕಿತ್ತು. ಇಳಿಯುವುದಕ್ಕೇ ಈಗ ದಾರಿಯಿರಲಿಲ್ಲ.

ಮೊಬೈಲಿಗೆ ಕೈ ಹಾಕಿದಳು. ಜೇಬು ಬರಿದು. ಥೂ! ಮಧ್ಯಾಹ್ನ ಅದರ ಪ್ರಾಣ ಹೋಗಿತ್ತು. "ಕೊಡಿ, ನಾನು ಚಾರ್ಜಿಗೆ ಹಾಕಿರ್ತೀನಿ," ಅಂತ ದೊಡ್ಡ ಯಜಮಾನರ ಸೊಸೆ ತೆಗೆದುಕೊಂಡು ಹೋಗಿದ್ದಳು. ಗಂಡ ತೀರಿಕೊಂಡ ಮೇಲೂ ಮಾವನ ಮನೆಯಲ್ಲೇ ಉಳಿದ ಹೆಣ್ಣುಮಗಳು. ಈ ದೊಡ್ಡಮನೆಯಲ್ಲಿ ಜಿಗಣೆಗೆ ಒಂದು ಲೋಟ ನೀರು ಕೊಟ್ಟು ಕೂರಿ ಅಂದವಳು ಅವಳೊಬ್ಬಳೇ.

"ನನ್ನನ್ನ ಎಷ್ಟು ಹೊತ್ತು ಕೂಡಿಹಾಕ್ತೀರಿ?"

"ಇನ್ಸ್‌ಪೆಕ್ಟರು ಬಂದು ಹೋಗೋವರೆಗೆ. ಆಮೇಲೆ ನಾನೇ ತೆಗೆದು ಕ್ಷಮೆ ಕೇಳ್ತೀನಿ. ನೀರು ತಂದಿದ್ದೀನಿ, ತಗೊಳ್ಳಿ."

ಬಾಗಿಲಿನ ಬುಡದಲ್ಲಿ ಕಬ್ಬಿಣದ ಪುಟ್ಟ ಮುಚ್ಚಳವೊಂದು ಕಿರ್ರೆಂದು ತೆರೆಯಿತು. ಎರಡು ಅಂಗೈ ಅಗಲದ ಕಿಂಡಿ. ಅದರೊಳಗಿಂದ ಹಿತ್ತಾಳೆ ಲೋಟವೊಂದು ಒಳಗೆ ಸರಿದು ಬಂತು. ಕೊಲೆಗಾರನ ಉಪಚಾರ ನೋಡು, ಅಂತ ಜಿಗಣೆಗೆ ಮೈಯೆಲ್ಲ ಉರಿಯಿತು. ಆದರೂ ನೀರು ಕುಡಿದಳು. ಗಂಟಲು ಒಣಗಿತ್ತು, ಏನು ಮಾಡುವುದು?

"ಈ ಕಿಂಡಿ ಯಾಕಿದೆ ಅಂತ ನಿಮ್ಮ ಪ್ರವಾಸಿಗಳಿಗೆ ಏನು ಹೇಳ್ತೀರಿ?" ಅಂತ ಕೇಳಿದಳು.

"ಬೆಕ್ಕು ಓಡಾಡೋಕೆ. ಮೇಲೆ ಧಾನ್ಯ ಇಡ್ತಿದ್ರು, ಇಲಿ ಕಾಟ."

"ಬೆಕ್ಕಿನ ಕಿಂಡಿಗೆ ಹೊರಗಡೆಯಿಂದ ಚಿಲಕ ಯಾಕೆ ಯಜಮಾನರೇ?"



ಜಿಗಣೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಬಾಗಿಲು ಒಡೆಯಲಾಗದು. ಬಾಗಿಲಾಚೆಯ ಮನುಷ್ಯನನ್ನಾದರೂ ಒಡೆಯಬಹುದು. ಇಲಾಖೆಯಲ್ಲಿ ಅವಳು ಕಲಿತ ವಿದ್ಯೆ ಅದೊಂದೇ.

"ಒಂದ್ಸಲ ನಿಮ್ಮ ಚರಿತ್ರೆ ಹೇಳಿ. ಹೇಗಿದ್ರೂ ಹೊತ್ತು ಕಳೀಬೇಕಲ್ಲ."

ಮನುಷ್ಯನ ಚಪಲ ನೋಡಿ! ತಾವೇ ಕೂಡಿಹಾಕಿದ ಹೆಂಗಸು ಕೇಳಿದರೂ ಚಿಕ್ಕ ಯಜಮಾನರಿಗೆ ಹೇಳದೆ ಇರಲಾಗಲಿಲ್ಲ. ದನಿ ಒಂದು ಮೆಟ್ಟಿಲು ಮೇಲೇರಿತು.

"ನನ್ನ ಮುತ್ತಜ್ಜನವರು ಶತ್ರುಸೈನ್ಯದ ಚಲನವಲನಗಳನ್ನು ದೂರದಿಂದಲೇ ಗಮನಿಸುವ ಸಲುವಾಗಿ ಈ ಬುರುಜನ್ನು ಕಟ್ಟಿಸಿದರು. ದಾರಿ ತಪ್ಪಿದ ಪ್ರಯಾಣಿಕರಿಗಾಗಿ ಪ್ರತಿ ಸಂಜೆ ಮನೆಯ ಯಜಮಾನನೇ ಸ್ವಹಸ್ತದಿಂದ ದೀಪ ಬೆಳಗುವ ಪದ್ಧತಿ ಅಂದಿನಿಂದ ಇಂದಿನವರೆಗೂ..."

"ಸಾಕು," ಅಂದಳು ಜಿಗಣೆ. "ಈ ಕೋಣೆಗೆ ಇರೋದು ಒಂದೇ ಕಿಟಕಿ. ಅದರಲ್ಲಿ ಕಾಣೋದು ನಿಮ್ಮದೇ ಅಂಗಳ, ಅದರಾಚೆ ನಿಮ್ಮದೇ ಊರು. ಶತ್ರು ಅಂಗಳದಲ್ಲಿ ಬಟ್ಟೆ ಒಣಗಿಸ್ತಿದ್ನಾ?"

"ಮೇಡಂ, ನಾಲಗೆ ಬಿಗಿ ಹಿಡಿದು ಮಾತಾಡಿ."

"ಪ್ರತಿ ಮಹಡಿಯ ಬಾಗಿಲನ್ನೂ ನೋಡ್ಕೊಂಡೇ ಹತ್ತಿದೆ. ಒಂದಕ್ಕೂ ಒಳಗಡೆ ಅಗುಳಿ ಇಲ್ಲ, ಎಲ್ಲ ಹೊರಗಡೆಗೆ. ಪ್ರಾಣ ಉಳಿಸಿಕೊಳ್ಳೋಕೆ ಓಡಿ ಬಂದವರು ಅಗುಳಿ ಒಳಗೆ ಹಾಕ್ಕೋತಾರೆ. ಇದು ಶತ್ರು ಒಳಗೆ ಬರದ ಹಾಗೆ ಕಟ್ಟಿದ್ದಲ್ಲ, ಒಳಗಿದ್ದವರು ಹೊರಗೆ ಹೋಗದ ಹಾಗೆ ಕಟ್ಟಿದ್ದು. ಯಾರನ್ನ ಇಟ್ಟಿದ್ರಿ ಇಲ್ಲಿ?"

 ಕಿಂಡಿಯಲ್ಲಿ ಅವರ ಚಪ್ಪಲಿಯ ತುದಿ ಕಾಣುತ್ತಿತ್ತು. ಅದು ಅತ್ತಿತ್ತ ಸರಿಯಿತು.

"ನಾನು ಹೇಳಲಾ? ನಿಮ್ಮ ಮುತ್ತಜ್ಜಿನ."

"ಯಾರು ಹೇಳಿದ್ರು ನಿಮಗೆ?" ಅವರ ದನಿಯ ಇಸ್ತ್ರಿಯೆಲ್ಲ ಒಂದೇ ಸಲಕ್ಕೆ ಮುದುರಿಹೋಯಿತು.

ಹೇಳಿದವಳು ತಂಗಿ. ಅವಳಿಗೆ ಹೇಳಿದವರು ಸ್ವತಃ ದೊಡ್ಡ ಯಜಮಾನರು. ಕಾಲು ಒತ್ತುವಾಗ ಒಂದು ದಿನ ಕಣ್ಣೀರು ಹಾಕಿಕೊಂಡು, "ನಮ್ಮ ಮನೆ ದೀಪ ಸುಳ್ಳು ದೀಪ ಕಣಮ್ಮ," ಅಂದಿದ್ದರಂತೆ. ಭೂಮಿಯೆಲ್ಲ ಮುತ್ತಜ್ಜಿಯ ತವರಿನದು. ಗಂಡನ ಹೆಸರಿಗೆ ಮಾಡಿಕೊಡು ಅಂದರೆ ಒಪ್ಪಲಿಲ್ಲ. ಅದಕ್ಕೇ ಅವಳನ್ನು ಮೇಲೆ ಹಾಕಿ ಬಾಗಿಲು ಜಡಿದರು. ಒಕ್ಕಲಿನವರು ಸುಮ್ಮನಿರಲಿಲ್ಲ. ಒಡತಿ ಬದುಕಿದ್ದಾಳೆ ಅಂತ ನಮಗೆ ದಿನಾ ಗೊತ್ತಾಗಬೇಕು ಅಂತ ಅಂಗಳದಲ್ಲಿ ಬಂದು ಕೂತರು. ಅವಳು ಸಂಜೆ ಕಿಟಕಿಯಲ್ಲಿ ದೀಪ ಹಚ್ಚಿಡುತ್ತಿದ್ದಳು. ದೀಪ ಕಂಡರೆ ಎದ್ದು ಮನೆಗೆ ಹೋಗುತ್ತಿದ್ದರು.

"ಅವಳು ಸತ್ತ ಮೇಲೂ ದೀಪ ಉರೀತಾನೇ ಇತ್ತು," ಅಂದಳು ಜಿಗಣೆ. "ವರ್ಷಗಟ್ಟಲೆ. ಅಲ್ವಾ?"

"ಅದನ್ನೆಲ್ಲ ಅಣ್ಣ ಊರಿಗೇ ಸಾರಬೇಕು ಅಂತಿದ್ದ," ಅಂದರು ಚಿಕ್ಕ ಯಜಮಾನರು. ದನಿ ಒಡೆದಿತ್ತು. "ಭೂಮಿನೆಲ್ಲ ಒಕ್ಕಲಿನವರಿಗೆ ಬರೆದುಕೊಡ್ತೀನಿ, ಬುರುಜು ಕೆಡವಿಸ್ತೀನಿ ಅಂತಿದ್ದ. ನಾನು ಕೈ ಮುಗಿದೆ, ಕಾಲಿಗೆ ಬಿದ್ದೆ. ನಲವತ್ತು ವರ್ಷ ಜನಕ್ಕೆ ಹೆಮ್ಮೆಯಿಂದ ತೋರಿಸಿದ್ದೀನಿ ಇದನ್ನ. ನಾಳೆ ಅವರ ಮುಂದೆ ಯಾವ ಮುಖ ಹೊತ್ಕೊಂಡು ನಿಂತುಕೊಳ್ಳಲಿ?"

"ಅದಕ್ಕೇ ತಳ್ಳಿಬಿಟ್ರಿ."

"ಅಯ್ಯೋ ದೇವರೇ! ನಾನ್ಯಾಕೆ ತಳ್ಳಲಿ? ಅಣ್ಣ ಸಂಜೆ ದೀಪ ಹಚ್ಚಿದ್ದಾನೆ. ಇಡೀ ಊರು ನೋಡಿದೆ. ನಾನೂ ಸೊಸೆನೂ ಮಧ್ಯಾಹ್ನನೇ ಕಾರಲ್ಲಿ ಪಟ್ಟಣಕ್ಕೆ ಹೋಗಿದ್ವಿ. ಕೆಲಸದವರು ಸಂಜೆಗೇ ಮನೆಗೆ ಹೋಗ್ತಾರೆ. ಕತ್ತಲಾದ ಮೇಲೆ ಈ ಮನೇಲಿ ಅಣ್ಣನ ಜೊತೆ ಇದ್ದವಳು ನಿಮ್ಮ ತಂಗಿ ಒಬ್ಬಳೇ!"

ಇದೇ ಮಾತು ಎರಡು ದಿನದಿಂದ ಜಿಗಣೆಯ ಎದೆಯ ಮೇಲೆ ಬಂಡೆಯಾಗಿ ಕೂತಿತ್ತು. ಇವತ್ತು, ಈಗಷ್ಟೇ, ಅದನ್ನು ಅವಳು ಉರುಳಿಸಿದ್ದಳು.

ಟಾರ್ಚು ಹಿಡಿದು ಮತ್ತೆ ಕಿಟಕಿಯ ಹತ್ತಿರ ಹೋದಳು. ಗೋಡೆ ಒಂದು ಆಳು ಉದ್ದಕ್ಕೆ ಮಲಗುವಷ್ಟು ದಪ್ಪ. ಈಚೆ ತುದಿಯಲ್ಲಿ ಕಲ್ಲಿನ ಹಲಗೆ, ಅದರ ಮೇಲೆ ಯಜಮಾನರು ದಿನಾ ಹಚ್ಚುವ ಹಿತ್ತಾಳೆ ದೀಪ. ನಡುವೆ ಕಬ್ಬಿಣದ ಸರಳುಗಳು. ಸರಳುಗಳಾಚೆ ಕೈಗೆ ಎಟುಕದಷ್ಟು ದೂರದಲ್ಲಿ ಗಾಜು.

"ಹಲಗೆ ಮೇಲಿರೋ ದೀಪಕ್ಕೆ ಕಂಠಪೂರ್ತಿ ಎಣ್ಣೆ ಇದೆ," ಅಂದಳು. "ಬತ್ತಿ ಮಲ್ಲಿಗೆ ಹಾಗೆ ಬೆಳ್ಳಗಿದೆ, ತುದಿ ಕೂಡ ಕಪ್ಪಾಗಿಲ್ಲ. ನಿಮ್ಮಣ್ಣ ಮೊನ್ನೆ ಬತ್ತಿ ಹೊಸೆದು, ಎಣ್ಣೆ ತುಂಬಿಸಿಟ್ಟಿದ್ದಾರೆ. ಆದ್ರೆ ಹಚ್ಚಿಲ್ಲ. ಹಚ್ಚೋಕೆ ಅವರು ಬದುಕಿರಲಿಲ್ಲ."

"ಮತ್ತೆ ಊರು ನೋಡಿದ್ದು?"

"ಬೇರೆ ದೀಪ. ಸರಳುಗಳಾಚೆ, ಗೋಡೆಯೊಳಗೆ ಒಂದು ಕೊಳವೆ ಕೊರೆದಿದ್ದಾರೆ. ಗಾರೆ ಬೇರೆ, ಅಂಚು ಒರಟು, ಬುರುಜು ಕಟ್ಟಿ ಆಮೇಲೆ ಕೊರೆದಿದ್ದು. ಒಳಗೆ ರಾಟೆ, ನಾರಿನ ಹಗ್ಗ. ಬಾವಿಯಿಂದ ನೀರು ಸೇದ್ತೀವಲ್ಲ, ಹಾಗೆ ಕೆಳಗಿನಿಂದ ದೀಪ ಸೇದೋದು. ಮುತ್ತಜ್ಜಿ ಸತ್ತ ಮೇಲೆ ಒಕ್ಕಲಿನವರ ಕಣ್ಣಿಗೆ ಮಣ್ಣೆರಚೋಕೆ ಮಾಡಿದ್ದು. ಅಲ್ಲಿ ಕಲ್ಲಿನ ಮೇಲೆ ಮೊನ್ನೆಯ ಹಸಿ ಮಸಿ ಇದೆ ಯಜಮಾನರೇ. ನೀವು ಮಧ್ಯಾಹ್ನ ಅಣ್ಣನ್ನ ಮುಗಿಸಿ, ದೀಪ ಹಚ್ಚಿ, ಮೇಲಕ್ಕೆ ಎಳೆದು ಕಟ್ಟಿ, ಕಾರು ಹತ್ತಿದ್ರಿ. ಬಿಸಿಲಲ್ಲಿ ಉರಿಯೋ ದೀಪ ಯಾರ ಕಣ್ಣಿಗೂ ಬೀಳಲ್ಲ. ಕತ್ತಲಾದಾಗ ತಾನಾಗೇ ಕಾಣಿಸ್ತು. ಎಲ್ಲರೂ, ಆಹಾ, ದೊಡ್ಡ ಯಜಮಾನರು ದೀಪ ಹಚ್ಚಿದ್ರು ಅಂದ್ಕೊಂಡ್ರು!"

ಹೇಳಿ ಮುಗಿಸಿ ಟಾರ್ಚು ಆರಿಸಿದಳು. ಎಂಥ ಸಮಾಧಾನ! ಈ ಬತ್ತಿಯೊಂದನ್ನು ಇನ್ಸ್‌ಪೆಕ್ಟರಿಗೆ ತೋರಿಸಿದರೆ ಸಾಕಿತ್ತು.

ಆದರೆ ಅದರಲ್ಲೂ ಒಂದು ಎಡವಟ್ಟಾಗಿತ್ತು. ಮೇಲೆ ಹತ್ತುವ ಮುನ್ನ ತಂಗಿ ಹಜಾರದಲ್ಲಿ ಅವಳ ಕೈ ಬಿಡದೆ ಹಿಡಿದುಕೊಂಡಿದ್ದಳು. "ಹೆದರಬೇಡ ಕಣೇ," ಅಂದಿದ್ದಳು ಜಿಗಣೆ. "ಈ ಕಿಟಕೀಲಿ ಬುರುಜು ನೋಡ್ತಾ ಕೂತಿರು. ಸಾಕ್ಷಿ ಸಿಕ್ಕಿದ ತಕ್ಷಣ ಮೇಲೆ ದೀಪ ಹಚ್ತೀನಿ. ದೀಪ ಕಾಣೋವರೆಗೂ ಯಾರೇ ಕರೆದ್ರೂ ಈ ಜಾಗ ಬಿಟ್ಟು ಕದಲಬೇಡ. ದೀಪ ಕಂಡ್ರೆ ನೀನು ಗೆದ್ದ ಹಾಗೆ." ಚಹಾ ತಂದುಕೊಟ್ಟ ಸೊಸೆ ಪಕ್ಕದಲ್ಲೇ ನಿಂತು, "ನಾನು ಇವಳ ಜೊತೆಗಿರ್ತೀನಿ, ನೀವು ಹೋಗಿ ಬನ್ನಿ," ಅಂದಿದ್ದಳು.

ಹಲಗೆಯ ಮೇಲಿನ ದೀಪ ಹಚ್ಚಿದರೆ ಬತ್ತಿ ಸುಡುತ್ತದೆ, ಸಾಕ್ಷಿಯೂ ಅದರ ಜೊತೆಗೇ ಸುಟ್ಟುಹೋಗುತ್ತದೆ. ಅದಕ್ಕೇ ಹಚ್ಚದೆ, ತಾನೇ ಇಳಿದು ಹೋಗಿ ಹೇಳೋಣ ಅಂತಿದ್ದಾಗ ಅಗುಳಿ ಬಿದ್ದಿತ್ತು.

"ಮೇಡಂ," ಅಂದರು ಚಿಕ್ಕ ಯಜಮಾನರು. ಸಿಟ್ಟಿರಲಿಲ್ಲ, ದಿಗಿಲಿತ್ತು. "ಯಾವ ಕೊಳವೆ? ಯಾವ ಹಗ್ಗ? ಮುತ್ತಜ್ಜಿ ವಿಷಯ ಗೊತ್ತಿತ್ತು, ಅದನ್ನ ಮುಚ್ಚಿಟ್ಟಿದ್ದು ನಿಜ. ಆದ್ರೆ ಕೊಳವೆ ಅನ್ನೋ ಮಾತು ಇವತ್ತೇ ಕೇಳ್ತಿರೋದು ನಾನು."

"ನಾಟಕ ಆಡಬೇಡಿ."

"ನಿಮ್ಮ ತಂಗಿಯಾಣೆ..."

"ಅವಳ ಆಣೆ ನೀವು ಇಡಬೇಡಿ! ಕೈ ತೋರಿಸಿ. ಎರಡೂ ಅಂಗೈ. ಕಿಂಡಿಯಲ್ಲಿ ಒಳಗೆ ಚಾಚಿ."

ನಾರಿನ ಹಗ್ಗ ಕೈಗೆ ಕರುಣೆ ತೋರಿಸುವುದಿಲ್ಲ. ಭಾರದ ದೀಪವನ್ನು ಅಷ್ಟೆತ್ತರಕ್ಕೆ ಸೇದಿದ ಅಂಗೈಯ ಚರ್ಮ ಎರಡು ದಿನಕ್ಕೆ ಮಾಯುವುದಿಲ್ಲ. ಅಷ್ಟು ಲೆಕ್ಕಾಚಾರ ಜಿಗಣೆ ಮಾಡಿಟ್ಟುಕೊಂಡಿದ್ದಳು.

ಚಿಕ್ಕ ಯಜಮಾನರು ಗೊಣಗುತ್ತ, ಮಂಡಿ ನೋವಿಗೆ ಅಮ್ಮಾ ಅನ್ನುತ್ತ ನೆಲಕ್ಕೆ ಕೂತರು. ಒಂದಾದ ಮೇಲೊಂದು ಎರಡು ಕೈಗಳು ಕಿಂಡಿಯೊಳಗೆ ಬಂದವು. ಟಾರ್ಚು ಬಿಟ್ಟಳು.

ಬೆಣ್ಣೆಯಂಥ ಅಂಗೈಗಳು. ಜೀವಮಾನದಲ್ಲಿ ಒಂದು ಕೊಡ ನೀರು ಎತ್ತಿರದ ಅಂಗೈಗಳು. ಒಂದು ಗೀರಿಲ್ಲ, ಒಂದು ಬೊಬ್ಬೆಯಿಲ್ಲ.

ಜಿಗಣೆ ನೋಡುತ್ತಲೇ ಇದ್ದಳು. ಆಗ ಅವಳ ಬೆನ್ನ ಹಿಂದೆ, ಗೋಡೆಯೊಳಗೆ, ರಾಟೆ ಕಿರುಗುಟ್ಟಿತು.

 ಎರಡು ಕೈಗಳು ಇನ್ನೂ ಕಿಂಡಿಯಲ್ಲೇ ಇದ್ದವು. 

"ಏನದು ಸದ್ದು?" ಅಂದರು ಅವರು.

"ಕೆಳಗೆ ಯಾರಿದ್ದಾರೆ?"

"ಯಾರೂ ಇಲ್ಲ. ಕೆಲಸದವರನ್ನೆಲ್ಲ ನಿನ್ನೆನೇ ಕಳಿಸಿದ್ದೀವಿ. ನಿಮ್ಮ ತಂಗಿ, ನಮ್ಮ ಸೊಸೆ, ಇಬ್ಬರೇ."

ಕಿರ್ರ್... ಕಿರ್ರ್... ಹಗ್ಗ ಸರಿಯುತ್ತಿತ್ತು. ಸರಳುಗಳಾಚೆ ಗಾಜಿನ ಮೇಲೆ ಹಳದಿ ಬೆಳಕು ಹರಡಿತು. ತಂತಿಬಲೆಯೊಳಗಿನ ದೀಪವೊಂದು ಕೊಳವೆಯ ಬಾಯಿಂದ ಮೆಲ್ಲಗೆ ಮೇಲೆದ್ದು ಬಂದು ಕಿಟಕಿಯ ನಡುಮಧ್ಯಕ್ಕೆ ನಿಂತಿತು.

"ಯಜಮಾನರೇ, ನನ್ನನ್ನ ಕೂಡಿಹಾಕಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರು ಅಂದ್ರೆ... ಸೊಸೆನೇ. ಈಗ ಸ್ವಲ್ಪ ಹೊತ್ತಿನ ಹಿಂದೆ. ಆ ಹೆಂಗಸು ಮುತ್ತಜ್ಜಿ ಕಥೆ ಪೇಪರಿನವರಿಗೆ ಕೊಡ್ತಾಳೆ ಚಿಕ್ಕಮಾವ, ಇನ್ಸ್‌ಪೆಕ್ಟರು ಹೋಗೋವರೆಗೂ ಬಾಗಿಲು ಹಾಕಿಬಿಡಿ, ಮನೆ ಮಾನ ಉಳಿಯುತ್ತೆ ಅಂದ್ಲು."

"ಮೊನ್ನೆ ಮಧ್ಯಾಹ್ನ ಕಾರು ಹತ್ತಿದ ಮೇಲೆ ಅವಳು ಇಳಿದಿದ್ಲಾ?"

"ಗೇಟು ದಾಟಿದ್ವಿ, ಪರ್ಸು ಮರೆತೆ ಅಂತ ವಾಪಸ್ ಹೋದ್ಲು. ತುಂಬ ಹೊತ್ತು ಮಾಡಿದ್ಲು. ನನಗೆ ಕಾರಲ್ಲೇ ಜೋಂಪು ಹತ್ತಿತ್ತು. ಬರುವಾಗ ಕೈಗೆ ಬಟ್ಟೆ ಸುತ್ತಿತ್ತು. ಇಸ್ತ್ರಿಪೆಟ್ಟಿಗೆ ತಗುಲಿ ಸುಟ್ಟಿತು, ನರ್ಸಮ್ಮ ಕಟ್ಟಿಕೊಟ್ಟಳು ಅಂದ್ಲು."

ಜಿಗಣೆ ಸರಳುಗಳಿಗೆ ಮುಖ ಒತ್ತಿ ಟಾರ್ಚು ಹಿಡಿದಳು. ದೀಪದ ಕೆಳಗೆ, ಹಗ್ಗದ ನಾರಿಗೆ ಸಿಕ್ಕಿಕೊಂಡು ಒಂದು ಬಿಳಿ ಬಟ್ಟೆಯ ಸುರುಳಿ ನೇತಾಡುತ್ತಿತ್ತು. ಕೈಯಿಂದ ಕಿತ್ತುಬಂದ ಬ್ಯಾಂಡೇಜು. ಗಂಟು ಇನ್ನೂ ಬಿಚ್ಚಿರಲಿಲ್ಲ. ತುದಿ ಹೊರಗೆ ಕಾಣದ ಹಾಗೆ ಒಳಕ್ಕೆ ಮಡಚಿ ಸಿಕ್ಕಿಸಿದ ಗಂಟು. ಚಿಕ್ಕಂದಿನಲ್ಲಿ ಗೊಂಬೆಗಳಿಗೆ ಪಟ್ಟಿ ಕಟ್ಟುವಾಗಿನಿಂದ ತಂಗಿ ಹಾಕುವುದು ಅದೊಂದೇ ಗಂಟು.

ಈ ಬ್ಯಾಂಡೇಜನ್ನು ಬೆಳಗ್ಗೆಯಿಂದ ಅವಳು ಎಷ್ಟು ಸಲ ನೋಡಿದ್ದಳು! ನೀರಿನ ಲೋಟ ಚಾಚಿದ ಕೈಯಲ್ಲಿ, ಮೊಬೈಲು ತೆಗೆದುಕೊಂಡ ಕೈಯಲ್ಲಿ. ಕೊಳವೆಯ ಅನುಮಾನವನ್ನು ಆ ಕೈಯವಳ ಹತ್ತಿರವೇ ಬಾಯಿಬಿಟ್ಟು ಹೇಳಿದೆನಲ್ಲ, ಎಂಥ ಪೆದ್ದಿ ನಾನು! ಭೂಮಿಯೆಲ್ಲ ಒಕ್ಕಲಿನವರ ಪಾಲಾದರೆ ಬರಿಗೈಯಾಗಿ ನಿಲ್ಲುವವಳೂ ಅವಳೇ ತಾನೆ.

ಸೊಸೆ ಕಾರಿನಿಂದಿಳಿದು ವಾಪಸ್ ಬಂದಿದ್ದಳು ಅನ್ನುವುದು ಈ ಲೋಕದಲ್ಲಿ ಇಬ್ಬರಿಗೇ ಗೊತ್ತು. ಕಾರಲ್ಲಿ ತೂಕಡಿಸಿದ ಚಿಕ್ಕಮಾವನಿಗೆ, ಮತ್ತು ಬ್ಯಾಂಡೇಜು ಕಟ್ಟಿದ ನರ್ಸಿಗೆ.

"ಬಾಗಿಲು ತೆಗೀರಿ! ಬೇಗ!"

ಅಗುಳಿ ಸರಿಯಿತು. ಚಿಕ್ಕ ಯಜಮಾನರು ಬೆವರಿ ತೊಪ್ಪೆಯಾಗಿ ನಿಂತಿದ್ದರು. ಅವರನ್ನು ಪಕ್ಕಕ್ಕೆ ತಳ್ಳಿ ಜಿಗಣೆ ಮೆಟ್ಟಿಲಿಳಿದಳು. ಒಂದು ಸುತ್ತು ಇಳಿಯುವಷ್ಟರಲ್ಲಿ ಕೆಳಗೆ ದಢಾರ್ ಅಂತ ಬಾಗಿಲು ಮುಚ್ಚಿತು. ಅದರ ಬೆನ್ನಿಗೇ ಅಗುಳಿ ಬಿತ್ತು. ಹೊರಗಡೆಯಿಂದ.

ಇಬ್ಬರೂ ಸೇರಿ ಗುದ್ದಿದರು. "ಅಮ್ಮಾ, ನಾನಮ್ಮಾ, ನಿನ್ನ ಚಿಕ್ಕಮಾವ!" ಅಂತ ಮುದುಕರು ಬಾಗಿಲಿಗೆ ಹಣೆ ಹಚ್ಚಿ ಕೂಗಿದರು. ಆಚೆ ಹೆಜ್ಜೆಗಳು ಅವಸರವಿಲ್ಲದೆ ದೂರವಾದವು. ಮುತ್ತಜ್ಜ ಒಳ್ಳೆಯ ಮರವನ್ನೇ ಹಾಕಿಸಿದ್ದ.

ಜಿಗಣೆ ಮತ್ತೆ ಮೇಲಕ್ಕೆ ಓಡಿದಳು.

ಕಿಟಕಿಯಲ್ಲಿ ಸುಳ್ಳು ದೀಪ ಜೋರಾಗಿ ಉರಿಯುತ್ತಿತ್ತು. ಅದರ ಪಕ್ಕದಿಂದ ಅಂಗಳ ಕಾಣುತ್ತಿತ್ತು. ಹೊತ್ತು ಮುಳುಗಿ ನಸುಗತ್ತಲು ಇಳಿದಿತ್ತು. ಇನ್ಸ್‌ಪೆಕ್ಟರ ಜೀಪಿನ ಸುಳಿವೇ ಇರಲಿಲ್ಲ. ಹಜಾರದ ಬಾಗಿಲು ತೆರೆಯಿತು. ಸೊಸೆ ಹೊರಗೆ ಬಂದಳು, ಅವಳ ಹಿಂದೆ ತಂಗಿ. ಸೊಸೆ ಅವಳ ಹೆಗಲ ಮೇಲೆ ಕೈ ಹಾಕಿ, ಬಗ್ಗಿ ಕಿವಿಯಲ್ಲಿ ಏನೋ ಹೇಳಿ, ಬುರುಜಿನ ಕಡೆ ಬೆರಳು ತೋರಿಸಿದಳು.

ತಂಗಿ ತಲೆ ಎತ್ತಿ ದೀಪ ನೋಡಿದಳು.

"ಬೇಡ! ಹೋಗಬೇಡ ಕಣೇ! ಅದು ನಂದಲ್ಲ!" ಜಿಗಣೆ ಗಂಟಲು ಹರಿಯುವ ಹಾಗೆ ಕಿರುಚಿದಳು. ಗೋಡೆ ಅದನ್ನೆಲ್ಲ ನುಂಗಿ ಸುಮ್ಮನಾಯಿತು. ಪೊಲೀಸರು ಬರುವ ಹೊತ್ತಿಗೆ ತಂಗಿ ಮನೆಯಲ್ಲಿಲ್ಲದಿದ್ದರೆ ಕೊಂದವಳು ಓಡಿಹೋದಳು ಅನ್ನುತ್ತಾರೆ. ಆಮೇಲೆ ಯಾವುದೋ ಹಳ್ಳದಲ್ಲಿ ಸಿಕ್ಕರೆ, ಪಾಪಪ್ರಜ್ಞೆಯಿಂದ ಸತ್ತಳು ಅನ್ನುತ್ತಾರೆ.

ದೀಪ ಆರಿಸಬೇಕು. ಅದೊಂದೇ ಉಳಿದ ದಾರಿ. ಸರಳಿನ ಸಂದಿಯಲ್ಲಿ ಕೈ ಚಾಚಿದಳು, ಎಟುಕಲಿಲ್ಲ. ನೆಲದ ಮೇಲಿದ್ದ ಹಿತ್ತಾಳೆ ಲೋಟ ಎತ್ತಿಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿ ಎಸೆದಳು.

ಲೋಟ ಟಣ್ಣೆಂದು ತಂತಿಬಲೆಗೆ ಬಡಿದು ಕೊಳವೆಯೊಳಗೆ ಬಿತ್ತು. ದೀಪ ಆರಲಿಲ್ಲ. ಹಗ್ಗದ ತುದಿಯಲ್ಲಿ ಅತ್ತಿಂದಿತ್ತ ಇತ್ತಿಂದತ್ತ ತೂಗಾಡಿತು, ಯಾರೋ ಮೇಲಿನಿಂದ ಕೈಬೀಸಿ ಹೋಗಿ ಬಾ ಅಂದ ಹಾಗೆ.

ಕೆಳಗೆ ತಂಗಿ ನಿಂತಳು. ತೂಗುವ ದೀಪವನ್ನೇ ನೋಡಿದಳು. ಎರಡು ದಿನದಿಂದ ಬಿಗಿದುಕೊಂಡಿದ್ದ ಭುಜಗಳು ಸಡಿಲವಾದವು. ಚಿಕ್ಕವಳಿದ್ದಾಗ ಶಾಲೆಯ ಗೇಟಿನಿಂದ ಅಕ್ಕನಿಗೆ ಬೀಸುತ್ತಿದ್ದ ಹಾಗೆ ಕೈಯನ್ನು ಪೂರ್ತಿ ಮೇಲೆತ್ತಿ ಬೀಸಿದಳು.

ಆಮೇಲೆ ಸೊಸೆ ತೆರೆದು ಹಿಡಿದಿದ್ದ ಕಾರಿನ ಬಾಗಿಲೊಳಗೆ ಕೂತಳು. ಕಾರು ಹಿಂದಿನ ಗೇಟಿನ ಕಡೆ ತಿರುಗಿತು.